ಹುಟ್ಟಿದ ವರ್ಷವಿಲ್ಲದ ಕಾರು

ಕೊಯಮತ್ತೂರಿನ ಗಣಪತಿ ಬಡಾವಣೆಯ ಲೇತ್ ಶೆಡ್ಡೊಂದರ ಹಿಂದಿನ ಅಂಗಳದಲ್ಲಿ, ಆಷಾಢದ ಗಾಳಿ ತಗಡಿನ ಮಾಡನ್ನು ಬಡಿಯುತ್ತಿದ್ದ ಒಂದು ಭಾನುವಾರ, ನನ್ನ ಅಣ್ಣನ ಮಗ ತಾನು ಹದಿನಾಲ್ಕು ತಿಂಗಳು ದುಡಿದು ಕಟ್ಟಿದ ಕಾರಿನ ಕೀಲಿಯನ್ನು ತಿರುಗಿಸಿದ. ಎಂಜಿನ್ ಮೂರು ಸಲ ಕೆಮ್ಮಿ ನಾಲ್ಕನೆಯ ಸಲಕ್ಕೆ ಹಿಡಿದುಕೊಂಡಿತು. ಅವನ ಇಬ್ಬರು ಗೆಳೆಯರು ಕೂಗಿಕೊಂಡರು. ನಾನು ಮಾತ್ರ ಸೈಲೆನ್ಸರಿನ ಬಾಯಿಯಿಂದ ಹೊರಟ ನೀಲಿ ಹೊಗೆಯನ್ನೇ ನೋಡುತ್ತ ನಿಂತಿದ್ದೆ. ಆ ಹೊಗೆ ಮುಂದೆ ನಮ್ಮನ್ನು ಎಷ್ಟು ದೂರ ಎಳೆದೊಯ್ಯುವುದೆಂಬ ಅರಿವು ಆಗ ನನಗಿರಲಿಲ್ಲ.

ಹುಡುಗ ತಾಳವಾಡಿಯವನು. ಹತ್ತನೆಯ ತರಗತಿಯವರೆಗೆ ಅಲ್ಲಿನ ಕನ್ನಡ ಮಾಧ್ಯಮದ ಶಾಲೆಯಲ್ಲಿಯೇ ಓದಿ, ಅನಂತರ ಕೊಯಮತ್ತೂರಿಗೆ ಬಂದು ಪಾಲಿಟೆಕ್ನಿಕ್ ಮುಗಿಸಿ, ಈಗ ಅದೇ ಗಣಪತಿಯಲ್ಲಿ ಪಂಪಿನ ಬಿಡಿಭಾಗಗಳನ್ನು ಕಡೆಯುವ ಕೆಲಸದಲ್ಲಿದ್ದಾನೆ. ನಾನು ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವವನು. ಅವನ ತಂದೆ ಬೆಟ್ಟದ ಮೇಲೆ ಎಲೆಕೋಸು ಬೆಳೆಯುವುದರಿಂದ, ಕೆಳಗಿನ ಊರಿನಲ್ಲಿ ಅವನಿಗೆ ನಾನೇ ಹಿರಿಯ. ಮನೆಯಲ್ಲಿ ಕನ್ನಡ, ಶೆಡ್ಡಿನಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷು ಎಂಬ ಮೂರು ದೋಣಿಗಳ ಪಯಣ ನಮ್ಮ ಶಾಲೆಗಳಿಂದ ಹೊರಬಂದ ಎಲ್ಲ ಮಕ್ಕಳಿಗೂ ಗೊತ್ತಿರುವುದೇ. ಅವನು ಅದರಲ್ಲಿ ಮುಳುಗದೆ ದಡ ಸೇರಿದವನೆಂಬ ಹೆಮ್ಮೆ ನನಗುಂಟು.

ಕಾರೆಂದರೆ ದೊಡ್ಡದೇನಲ್ಲ. ಚೌಕ ಕಬ್ಬಿಣದ ಕೊಳವೆಗಳನ್ನು ಅಳತೆಗೆ ಕತ್ತರಿಸಿ ಬೆಸೆದ ಚೌಕಟ್ಟು, ಎರಡು ಆಸನ, ಮೇಲೆ ಮಾಡಿಲ್ಲ. ಎಂಜಿನ್ 1996ರ ಮಾರುತಿ 800ರದು; ಅಪಘಾತಕ್ಕೊಳಗಾಗಿ ಉಕ್ಕಡದ ಗುಜರಿ ಅಂಗಡಿಗೆ ಬಂದಿದ್ದ ಬಂಡಿಯೊಂದರಿಂದ ಬಿಚ್ಚಿ ತಂದದ್ದು. ಗುಜರಿ ಅಂಗಡಿಯನ್ನು ಇಲ್ಲಿ ‘ಕಾಯಲಾನ್ ಕಡೈ’ ಎನ್ನುತ್ತಾರೆ. ಮೂರು ಸಿಲಿಂಡರು, 796 ಸಿ.ಸಿ., ಕಾರ್ಬ್ಯುರೇಟರಿನ ಕಾಲದ ಎಂಜಿನ್. ಪಿಸ್ಟನ್ ರಿಂಗುಗಳನ್ನು ಹೊಸದಾಗಿ ಹಾಕಿ, ವಾಲ್ವುಗಳನ್ನು ಅರೆದು ಕೂರಿಸಿ, ಹುಡುಗರು ಅದಕ್ಕೆ ಮತ್ತೆ ಜೀವ ಕೊಟ್ಟಿದ್ದರು. ಮೊದಲ ದಿನದ ನೀಲಿ ಹೊಗೆ ಜೋಡಿಸುವಾಗ ಸಿಲಿಂಡರಿನ ಗೋಡೆಗೆ ಸವರಿದ್ದ ಎಣ್ಣೆಯದು, ಎರಡು ಗಂಟೆ ಓಡಿದರೆ ಹೋಗುತ್ತದೆ ಎಂದ. ಹೋಯಿತು ಕೂಡ.

ಇಂಥ ಹುಚ್ಚು ಹಿಡಿಯಲು ಕೊಯಮತ್ತೂರಿಗಿಂತ ತಕ್ಕ ಊರಿಲ್ಲ. ಬ್ರಿಟಿಷ್ ಅಧಿಕಾರಿಯೊಬ್ಬನ ಮೋಟಾರ್ ಸೈಕಲ್ಲನ್ನು ಕೊಂಡು ಬಿಚ್ಚಿ ಮತ್ತೆ ಜೋಡಿಸಿದ ಜಿ.ಡಿ. ನಾಯ್ಡು ಅವರ ಕಥೆ ಇಲ್ಲಿ ಲೇತಿನ ಮುಂದೆ ನಿಂತ ಪ್ರತಿ ಹುಡುಗನಿಗೂ ಗೊತ್ತು. ಎರಡು ಸಾವಿರ ರೂಪಾಯಿಗೆ ಇಬ್ಬರು ಕೂರುವ ಪೆಟ್ರೋಲ್ ಕಾರನ್ನು ಮಾಡಿಕೊಡುತ್ತೇನೆಂದು 1950ರ ದಶಕದ ಮೊದಲಲ್ಲಿ ಅವರು ಮುಂದಾದಾಗ ಸರ್ಕಾರ ಪರವಾನಗಿ ಕೊಡಲಿಲ್ಲವೆಂಬುದೂ ಆ ಕಥೆಯ ಒಂದು ಭಾಗ. ಅವರ ಅನಂತರದ ತಲೆಮಾರಿನಲ್ಲಿ ಲಕ್ಷ್ಮಿ ಮಿಲ್ಸ್ ಮನೆತನದ ಎಸ್. ಕರಿವರ್ಧನ್ ಇದೇ ಮಾರುತಿ 800ರ ಎಂಜಿನ್ನನ್ನು ಇಟ್ಟು ಒಂಟಿ ಆಸನದ ರೇಸ್ ಕಾರುಗಳನ್ನು ಕಟ್ಟಿದರು. ‘ಫಾರ್ಮುಲಾ ಮಾರುತಿ’ ಎಂಬ ಹೆಸರಿನಲ್ಲಿ ಅವು ನಮ್ಮ ದೇಶದ ಎಷ್ಟೋ ಯುವಕರಿಗೆ ಓಟ ಕಲಿಸಿದವು. 1995ರಲ್ಲಿ ಕಿರುವಿಮಾನದ ಅಪಘಾತದಲ್ಲಿ ಅವರು ತೀರಿಕೊಂಡರು. ಚೆಟ್ಟಿಪಾಳಯದಲ್ಲಿ 2003ರಲ್ಲಿ ತೆರೆದ ಕರಿ ಮೋಟಾರ್ ಸ್ಪೀಡ್‌ವೇಗೆ ಇರುವುದು ಅವರ ಹೆಸರೇ. ಇಂದಿಗೂ ಅಲ್ಲಿ ಎಂಜಿನಿಯರಿಂಗ್ ಕಾಲೇಜುಗಳ ಮಕ್ಕಳು ತಾವೇ ಕಟ್ಟಿದ ಕಾರುಗಳನ್ನು ಓಡಿಸುವ ಸ್ಪರ್ಧೆ ನಡೆಯುತ್ತದೆ. ಪೆಟ್ರೋಲ್ ಎಂಜಿನ್ 710 ಸಿ.ಸಿ. ಮೀರಬಾರದು, ಅದರೊಳಕ್ಕೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರಿನ ಒಂದು ರಂಧ್ರದ ಮೂಲಕವೇ ಹೋಗಬೇಕು ಎಂಬ ನಿಯಮವಿದೆ. ಒಳಹೋಗುವ ಗಾಳಿಯನ್ನು ಅಳೆಯುತ್ತಾರೆ, ಹೊರಬರುವ ಸದ್ದನ್ನು ಅಳೆಯುತ್ತಾರೆ. ಬೇಲಿಯೊಳಗಿನ ಓಟವಾದ್ದರಿಂದ ಹೊಗೆಯ ಕಾಗದವನ್ನು ಕೇಳುವವರಿಲ್ಲ. ನಮ್ಮ ಹುಡುಗ ಆ ಸ್ಪರ್ಧೆಯನ್ನು ನೋಡಿ ಬಂದ ಮೇಲೆಯೇ ಕೊಳವೆ ಕತ್ತರಿಸಲು ಕೂತದ್ದು.

ಆದರೆ ಅವನ ಆಸೆ ಓಟದ ಮೈದಾನದ್ದಲ್ಲ. ಈ ಕಾರಿನಲ್ಲಿ ಸತ್ಯಮಂಗಲ ದಾಟಿ, ಬಣ್ಣಾರಿಯಮ್ಮನಿಗೆ ಕೈಮುಗಿದು, ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನು ಹತ್ತಿ, ತಾಳವಾಡಿಯ ಮನೆಯ ಮುಂದೆ ನಿಲ್ಲಿಸಿ ಅಜ್ಜಿಯನ್ನು ಕೂರಿಸಿಕೊಳ್ಳಬೇಕು. ಹಾಗೆಂದು ಆಕೆಗೆ ಮಾತು ಕೊಟ್ಟಿದ್ದ. ಅಜ್ಜಿ ಎಂದರೆ ನನ್ನ ಅವ್ವ, ಎಂಬತ್ತು ದಾಟಿದ್ದಾಳೆ.

ಎಲ್ಲಕ್ಕೂ ಮೊದಲು ಹೊಗೆ ತಪಾಸಣೆ ಮಾಡಿಸಿಬಿಡೋಣವೆಂದು, ಸಂಚಾರಿ ತಪಾಸಣೆಯ ವ್ಯಾನ್ ಇಟ್ಟುಕೊಂಡಿದ್ದ ಪರಿಚಯದವರೊಬ್ಬರನ್ನು ಶೆಡ್ಡಿಗೆ ಕರೆಸಿದ. ಆ ವ್ಯಾನಿನ ಮೇಲೆ ತಮಿಳಿನಲ್ಲಿ ‘ಪುಗೈ ಪರಿಶೋಧನೈ’ ಎಂದು ಬರೆದಿತ್ತು. ಅವರ ‘ಪುಗೈ’, ನಮ್ಮ ಹಳಗನ್ನಡದ ‘ಪೊಗೆ’, ಇಂದಿನ ‘ಹೊಗೆ’ ಮೂರೂ ಒಂದೇ ಬೇರಿನ ಮಾತುಗಳು ಎಂದು ನಾನು ಹುಡುಗರಿಗೆ ಹೇಳಿದೆ. ಅವರಿಗೆ ಆ ಹೊತ್ತಿನಲ್ಲಿ ವ್ಯಾಕರಣ ಬೇಕಿರಲಿಲ್ಲ. ತಪಾಸಕರು ಸೈಲೆನ್ಸರಿನೊಳಗೆ ಸಲಾಕಿಯನ್ನು ತೂರಿಸಿದರು. ಪೆಟ್ಟಿಗೆಯ ಮೇಲೆ ಅಂಕಿಗಳು ಏರತೊಡಗಿದವು. ಕಾರ್ಬನ್ ಮಾನಾಕ್ಸೈಡ್ ನೂರಕ್ಕೆ 5.8.

“ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ” ಎಂದು ಹುಡುಗ ತಾನೇ ಹೇಳಿಕೊಂಡ. ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಗಾಳಿ ಸಾಲದಾದಾಗ ಇಂಗಾಲ ಅರೆಬೆಂದು ಈ ವಿಷಾನಿಲವಾಗುತ್ತದೆ. ಒಲೆಯಲ್ಲಿ ಹಸಿ ಸೌದೆ ತುರುಕಿದಂತೆ. ಅವನು ಏರ್ ಫಿಲ್ಟರನ್ನು ಒದರಿದ, ಕಾರ್ಬ್ಯುರೇಟರಿನ ತಿರುಪನ್ನು ಕಾಲು ಸುತ್ತು, ಮತ್ತೆ ಕಾಲು ಸುತ್ತು ತಿರುಗಿಸಿದ, ಸ್ಪಾರ್ಕ್ ಪ್ಲಗ್ಗಿನ ಸಂದನ್ನು ಸರಿಪಡಿಸಿದ. ಒಂದು ಗಂಟೆಯ ಬಳಿಕ ಅಂಕಿ 2.3ಕ್ಕೆ ಇಳಿಯಿತು, ಉರಿಯದೆ ಉಳಿದ ಹೈಡ್ರೋಕಾರ್ಬನ್ ಹತ್ತು ಲಕ್ಷಕ್ಕೆ 900 ಭಾಗ. ಆ ಕಾಲದ ಕಾರಿಗೆ ಕಾನೂನು ಇಟ್ಟ ಮಿತಿ 3 ಮತ್ತು 1500. ಹುಡುಗರು ಕೈ ತಟ್ಟಿದರು. ತಪಾಸಕರು ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು, “ವಂಡಿ ನಂಬರ್ ಸೊಲ್ಲುಂಗ ತಂಬಿ” ಎಂದರು.

ನಂಬರ್ ಎಲ್ಲಿಂದ ಬರಬೇಕು?

ಇಲ್ಲಿಂದ ಮುಂದೆ ನಾವಿಬ್ಬರೂ ಅನೇಕ ರಾತ್ರಿಗಳನ್ನು ಕಾನೂನಿನ ಪುಸ್ತಕದೊಡನೆ ಕಳೆದೆವು. ಅವನು ಇಂಗ್ಲಿಷಿನಲ್ಲಿ ಓದುವುದು, ನಾನು ಕನ್ನಡದಲ್ಲಿ ಬರೆದುಕೊಳ್ಳುವುದು. ತಿಳಿದದ್ದನ್ನು ನಮ್ಮ ಓದುಗರಿಗೂ ಹೇಳುವುದು ಉಚಿತ. ಪಾಲಿಟೆಕ್ನಿಕ್ಕಿಗೆ ಹೋಗುವ ಮಕ್ಕಳು ಬಹಳ ಮನೆಗಳಲ್ಲಿದ್ದಾರೆ.

ಹೊಗೆಯ ಮಿತಿಗಳಿರುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೆಯ ನಿಯಮದಲ್ಲಿ. ಮಿತಿಯನ್ನು ನಿರ್ಧರಿಸುವುದು ವಾಹನ ತಯಾರಾದ ಕಾಲ. ಭಾರತ್ ಸ್ಟೇಜ್ ಎರಡಕ್ಕಿಂತ ಹಿಂದಿನ ಪೆಟ್ರೋಲ್ ಕಾರು ನಿಂತಲ್ಲಿ ಓಡುವಾಗ ನೂರಕ್ಕೆ 3ರವರೆಗೆ ಕಾರ್ಬನ್ ಮಾನಾಕ್ಸೈಡ್ ಬಿಡಬಹುದು, ಅನಂತರದ್ದು 0.5, ಸ್ಟೇಜ್ ನಾಲ್ಕರದು 0.3. ದೇಶದಾದ್ಯಂತ 2020ರ ಏಪ್ರಿಲ್ 1ರಿಂದ ಹೊಸ ಕಾರು ಎಂದರೆ ಸ್ಟೇಜ್ ಆರರದೇ ಆಗಿರಬೇಕು. ಹಾಗಾದರೆ ನಮ್ಮ ಕಾರು ಯಾವ ಕಾಲದ್ದು? ಎಂಜಿನ್ ಹುಟ್ಟಿದ್ದು 1996ರಲ್ಲಿ. ಚೌಕಟ್ಟು ಹುಟ್ಟಿದ್ದು ಕಳೆದ ವರ್ಷ. ಎಂಜಿನ್ನಿನ ವಯಸ್ಸನ್ನು ಹಿಡಿದರೆ ಉತ್ತೀರ್ಣ; ಚೌಕಟ್ಟಿನ ವಯಸ್ಸನ್ನು ಹಿಡಿದರೆ ಎಷ್ಟು ತಿರುಪು ತಿರುಗಿಸಿದರೂ ಅನುತ್ತೀರ್ಣ.

ಆದರೆ ಆ ಪ್ರಶ್ನೆಯವರೆಗೆ ಹೋಗಲು ಕಾನೂನು ನಮಗೆ ದಾರಿಯನ್ನೇ ಬಿಡುವುದಿಲ್ಲ. ನೋಂದಣಿಗೆ ತಯಾರಕರು ಕೊಡುವ 22ನೆಯ ನಮೂನೆಯ ಪ್ರಮಾಣಪತ್ರ ಬೇಕು. ಅದನ್ನು ಕೊಡಬೇಕಾದ ತಯಾರಕ 126ನೆಯ ನಿಯಮದಂತೆ ತನ್ನ ಮಾದರಿ ವಾಹನವನ್ನು ಪುಣೆಯ ಎ.ಆರ್.ಎ.ಐ.ನಂಥ ಸಂಸ್ಥೆಗೆ ಒಪ್ಪಿಸಿ ಪರೀಕ್ಷೆ ಮಾಡಿಸಿರಬೇಕು. ಅಲ್ಲಿ ನಿಂತಲ್ಲಿನ ಹೊಗೆಯನ್ನು ಮಾತ್ರ ನೋಡುವುದಿಲ್ಲ. ಉರುಳೆಗಳ ಮೇಲೆ ಕಾರನ್ನು ಓಡಿಸಿ ಪ್ರತಿ ಕಿಲೋಮೀಟರಿಗೆ ಎಷ್ಟು ಗ್ರಾಂ ಎಂದು ಅಳೆಯುತ್ತಾರೆ. ಲಕ್ಷಗಟ್ಟಲೆ ಕಾರು ಮಾಡುವ ಕಾರ್ಖಾನೆಗೆ ಆ ಪರೀಕ್ಷೆಯ ವೆಚ್ಚ ಒಂದೊಂದು ಕಾರಿಗೆ ಪೈಸೆಗಳ ಲೆಕ್ಕ. ಬದುಕಿನಲ್ಲಿ ಒಂದೇ ಕಾರು ಮಾಡುವವನಿಗೆ ಅದು ಕಾರಿನ ಬೆಲೆಯ ಹಲವು ಪಟ್ಟು. ನೋಂದಣಿಯಿಲ್ಲದ ಮೋಟಾರು ವಾಹನವನ್ನು ಸಾರ್ವಜನಿಕ ಸ್ಥಳದಲ್ಲಾಗಲಿ ಬೇರೆ ಯಾವುದೇ ಸ್ಥಳದಲ್ಲಾಗಲಿ ಓಡಿಸಕೂಡದೆಂದು 1988ರ ಕಾಯಿದೆಯ 39ನೆಯ ಕಲಮು ಹೇಳುತ್ತದೆ. ಕಾರ್ಖಾನೆ ಅಥವಾ ಆವರಣದೊಳಗಷ್ಟೇ ಬಳಸಲೆಂದು ಮಾಡಿದ ವಿಶೇಷ ಬಗೆಯ ವಾಹನ ಮಾತ್ರ ‘ಮೋಟಾರು ವಾಹನ’ವೆಂಬ ವ್ಯಾಖ್ಯೆಯಿಂದ ಹೊರಗೆ.

ಮೀನು ಮಾರುವವರು, ತರಕಾರಿ ಮಾರುವವರು ಓಡಿಸುವ ‘ಮೀನ್ ಬಾಡಿ ವಂಡಿ’ಯನ್ನು ತಮಿಳುನಾಡಿನ ಓದುಗರೆಲ್ಲ ಕಂಡಿದ್ದಾರೆ: ಮೂರು ಗಾಲಿಯ ಗಾಡಿಗೆ ಹಳೆಯ ಮೋಟಾರ್ ಸೈಕಲ್ಲಿನ ಎಂಜಿನ್ನು. ಉತ್ತರದಲ್ಲಿ ಇದರ ಅಣ್ಣನಂಥದು ‘ಜುಗಾಡ್’. ಅಂಥ ಬಂಡಿಯೂ ಕಾನೂನಿನ ಕಣ್ಣಿಗೆ ಮೋಟಾರು ವಾಹನವೇ, ಅದಕ್ಕೂ ನೋಂದಣಿ, ವಿಮೆ ಎಲ್ಲವೂ ಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಹೇಳಿತು. ತಯಾರಕನು ಹೇಳಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು 2019ರ ಜನವರಿಯಲ್ಲಿ ಮತ್ತೊಂದು ತೀರ್ಪು ಬಂತು. ಆದ್ದರಿಂದ ‘ಇದು ಹಳೆಯ ಮಾರುತಿಯೇ, ಸ್ವಲ್ಪ ಬದಲಾಯಿಸಿದ್ದೇವೆ’ ಎನ್ನುವ ಹಾಗೂ ಇರಲಿಲ್ಲ.

ಹೀಗಿರುವಾಗ ಎಂಜಿನ್ ಮಾರಿದ್ದ ಗುಜರಿಯವನು ಹುಡುಗನನ್ನು ಕರೆದು ಒಂದು ಉಪಾಯ ಹೇಳಿಕೊಟ್ಟ. ಅಪಘಾತದ ಬಂಡಿಯ ಆರ್.ಸಿ. ಪುಸ್ತಕ ಇನ್ನೂ ತನ್ನಲ್ಲೇ ಇದೆ, ಷಾಸಿ ಸಂಖ್ಯೆ ಕೊರೆದಿರುವ ತಗಡಿನ ತುಂಡನ್ನೂ ಕತ್ತರಿಸಿ ಕೊಡುತ್ತೇನೆ, ಬೆಸೆದುಕೊಂಡುಬಿಡು. ಎಂಜಿನ್ ಸಂಖ್ಯೆ ಹೇಗೂ ಹೊಂದುತ್ತದೆ. ನಂಬರ್ ಬಂತು, ವರ್ಷ ಬಂತು, ನೂರಕ್ಕೆ 3ರ ಮಿತಿಯೂ ಬಂತು. ಐದು ಸಾವಿರ ರೂಪಾಯಿ.

ಆ ರಾತ್ರಿ ಹುಡುಗ ತಿರುಪ್ಪೂರಿಗೆ ಬಸ್ಸು ಹತ್ತಿ ಬಂದು ಇದನ್ನೆಲ್ಲ ನನಗೆ ಹೇಳಿದ. ನಾನು ಖಂಡಿತ ಬೇಡವೆಂದೆ. ಕಳ್ಳತನಕ್ಕಿಂತ ಇದು ಕಡಿಮೆಯದಲ್ಲ, ನಾಳೆ ಘಾಟಿಯಲ್ಲಿ ಯಾರಿಗಾದರೂ ಬಡಿದರೆ ಅವರ ಮನೆಯವರಿಗೆ ವಿಮೆಯ ಒಂದು ಕಾಸೂ ಸಿಕ್ಕದೆ ಹೋದೀತು ಎಂದೆಲ್ಲ ಹೇಳಿದೆ. ಅವನು ಸುಮ್ಮನೆ ಕೇಳಿಸಿಕೊಂಡು, ಅನಂತರ ಕೇಳಿದ:

“ಚಿಕ್ಕಪ್ಪ, ನಿಮ್ಮ ಹಳೇ ಸ್ಕೂಟರಿಗೆ ಹೊಗೆ ಸರ್ಟಿಫಿಕೇಟ್ ಹೆಂಗೆ ಬತ್ತಿತ್ತು?”

ನಾನು ಉತ್ತರಿಸಲಿಲ್ಲ. ಅವನಿಗೆ ಗೊತ್ತಿತ್ತು, ಚಿಕ್ಕವನಿದ್ದಾಗ ಎಷ್ಟೋ ಸಲ ಅವನನ್ನೇ ಕಳಿಸಿ ತರಿಸಿದ್ದೆ. ಎರಡು ಸ್ಟ್ರೋಕಿನ ಸ್ಕೂಟರು, ಹಿಂದೆ ಬರುವವರ ಕಣ್ಣುರಿಯುವಷ್ಟು ಹೊಗೆ. ಬಂಡಿಯನ್ನು ಒಯ್ಯದೆ, ನಂಬರನ್ನೂ ದುಡ್ಡನ್ನೂ ಚೀಟಿಯಲ್ಲಿ ಸುತ್ತಿ ಕಳಿಸಿದರೆ ಸಾಕು, ಕಾಗದ ಬರುತ್ತಿತ್ತು. ಆರು ತಿಂಗಳಿಗೊಮ್ಮೆ, ವರ್ಷಗಟ್ಟಲೆ.

“ನಿಮ್ಮ ಬಂಡೀಲಿ ಹೊಗೆ ಇತ್ತು, ಕಾಗದನೂ ಇತ್ತು. ನನ್ನದು ಪಾಸಾಗದೆ, ಕಾಗದ ಇಲ್ಲ” ಎಂದ. ಸಿಟ್ಟಿನಿಂದಲ್ಲ. ಲೆಕ್ಕ ಒಪ್ಪಿಸುವವನಂತೆ ಹೇಳಿದ. ಲೆಕ್ಕ ಬರೆಯುವುದೇ ನನ್ನ ಕಸುಬಾದ್ದರಿಂದ ಅದು ಸರಿಯಾಗಿಯೇ ನಾಟಿತು.

ಬೆಳಗ್ಗೆ ಅವನನ್ನು ಬಸ್ ನಿಲ್ದಾಣಕ್ಕೆ ಬಿಡಲು ನೊಯ್ಯಲ್ ಸೇತುವೆಯ ಮೇಲೆ ಹೋಗುವಾಗ ನನಗೆ ಹೇಳಲು ಒಂದು ಮಾತು ಸಿಕ್ಕಿತು. ನಾನು ಈ ಊರಿಗೆ ಬಂದಾಗ ಈ ಹೊಳೆ ಒಂದು ದಿನ ಕೆಂಪು, ಒಂದು ದಿನ ನೀಲಿ; ಆ ವರ್ಷ ಪರದೇಶದಲ್ಲಿ ಯಾವ ಬಣ್ಣದ ಬನಿಯನ್ನಿಗೆ ಬೇಡಿಕೆಯೋ ಆ ಬಣ್ಣ. ಕೆಳಗೆ ಒರತ್ತುಪಾಳಯದಲ್ಲಿ ರೈತರ ಗದ್ದೆಗೆಂದು ಕಟ್ಟಿದ ಅಣೆಕಟ್ಟು ಬಣ್ಣದ ನೀರಿನ ಹೊಂಡವಾಯಿತು. ಆಗ ಪ್ರತಿ ಬಣ್ಣದ ಶೆಡ್ಡಿನವರೂ ಹೇಳುತ್ತಿದ್ದುದು ಒಂದೇ ಮಾತು: ನನ್ನದೊಂದು ಸಣ್ಣ ಕೊಳವೆ, ಅದರಿಂದ ಏನಾದೀತು? ಕೊನೆಗೆ 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯ ನೂರಾರು ಘಟಕಗಳನ್ನು ಒಟ್ಟಿಗೆ ಮುಚ್ಚಿಸಿತು. ನಮ್ಮ ಕಂಪನಿಯಲ್ಲಿ ಬಟ್ಟೆಯಿಲ್ಲದೆ ಹೊಲಿಗೆ ಯಂತ್ರಗಳು ನಿಂತವು. ಆ ತಿಂಗಳುಗಳ ಸಂಬಳದ ಪುಸ್ತಕವನ್ನು ಬರೆದವನು ನಾನೇ. ಇದನ್ನು ಹೇಳಿ, “ನನ್ನ ಸ್ಕೂಟರೂ ಒಂದು ಸಣ್ಣ ಕೊಳವೆಯೇ ಆಗಿತ್ತು ಕಣಪ್ಪ” ಎಂದೆ. ಅವನು ಹೊಳೆಯನ್ನು ನೋಡಿದ, ಏನೂ ಹೇಳಲಿಲ್ಲ. ಗುಜರಿಯವನ ತಗಡಿನ ತುಂಡನ್ನು ಅವನು ತರಲಿಲ್ಲವೆಂಬುದು ಆಮೇಲೆ ತಿಳಿಯಿತು.

ಆದರೂ ಅವನ ಪ್ರಶ್ನೆ ನ್ಯಾಯವಾದದ್ದೆಂದೇ ನಾನು ಈಗಲೂ ನಂಬುತ್ತೇನೆ. ಒಬ್ಬನೇ ಒಂದು ಕಾರು ಕಟ್ಟುವುದನ್ನು ಅಪರಾಧವೆಂದು ಎಣಿಸದ ದೇಶಗಳಿವೆ. ಬ್ರಿಟನ್ನಿನಲ್ಲಿ 1957ರಲ್ಲಿ ಬಂದ ಲೋಟಸ್ ಸೆವೆನ್ ಎಂಬ ಕಾರನ್ನು ಬಿಡಿಭಾಗಗಳಾಗಿಯೇ ಮಾರುತ್ತಿದ್ದರು. ಇಡಿಯ ಕಾರಿಗೆ ಇದ್ದ ತೆರಿಗೆ ಬಿಡಿಭಾಗಗಳಿಗೆ ಬೀಳುತ್ತಿರಲಿಲ್ಲವಾದ್ದರಿಂದ ಜನ ಕೊಂಡು ಮನೆಯಲ್ಲಿ ಜೋಡಿಸಿಕೊಳ್ಳುತ್ತಿದ್ದರು. ಇಂದು ಅಲ್ಲಿ ಮನೆಯಲ್ಲಿ ಕಟ್ಟಿದ ಒಂಟಿ ವಾಹನವನ್ನು ಪರಿಶೀಲಿಸಿ ಒಪ್ಪುವ ಏರ್ಪಾಡಿದೆ, ಎಂಜಿನ್ನಿನ ವಯಸ್ಸಿಗೆ ರುಜುವಾತು ಕೇಳುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯ ಹೊಗೆಯ ವಿಷಯದಲ್ಲಿ ಬಹು ಕಟ್ಟುನಿಟ್ಟಿನ ರಾಜ್ಯ. ಅಲ್ಲಿಯೂ ವರ್ಷಕ್ಕೆ ಮೊದಲು ಬಂದ 500 ಕೈಕಟ್ಟು ಕಾರುಗಳಿಗೆ ಒಂದು ಕಿರುಬಾಗಿಲಿದೆ: ಎಂಜಿನ್ ಯಾವ ವರ್ಷದ್ದೋ, ಇಲ್ಲವೇ ಕಾರಿನ ಆಕಾರ ಯಾವ ವರ್ಷದ ಕಾರನ್ನು ಹೋಲುತ್ತದೋ, ಆ ವರ್ಷದ ನಿಯಮದಂತೆ ತಪಾಸಣೆ. ಯಾವುದನ್ನೂ ಹೋಲದಿದ್ದರೆ 1960ರದೆಂದು ಎಣಿಕೆ. ಸಂಖ್ಯೆಗೆ ಮಿತಿಯಿಟ್ಟದ್ದೇ ಅದರ ಜಾಣತನ. 500 ಕಾರುಗಳ ಹೊಗೆಯನ್ನು ಆಕಾಶ ತಾಳಿಕೊಳ್ಳುತ್ತದೆ, ಐದು ಲಕ್ಷದ್ದನ್ನಲ್ಲ. ನಮ್ಮಲ್ಲಿಯೂ ಐವತ್ತು ವರ್ಷ ದಾಟಿದ ಮೂಲರೂಪದ ಹಳೆಯ ವಾಹನಗಳಿಗೆಂದು 2021ರಲ್ಲಿ ಬೇರೆಯೇ ನೋಂದಣಿಯನ್ನು ತಂದರು. ಸಂಗ್ರಹಕಾರರಿಗೆ ಬಾಗಿಲು ತೆರೆದವರು ಕಟ್ಟುವವರಿಗೂ ಒಂದು ಕಿಂಡಿಯನ್ನಾದರೂ ತೆರೆಯಬಹುದಿತ್ತು. ಜಿಲ್ಲೆಗೆ ವರ್ಷಕ್ಕೆ ಹತ್ತು ಕಾರು ಸಾಕು.

ಇದನ್ನು ಹುಡುಗನಿಗೆ ಹೇಳಿದಾಗ ಅವನೇ ನನ್ನನ್ನು ತಿದ್ದಿದ. ತಿರುಪು ತಿರುಗಿಸಿ 2.3ಕ್ಕೆ ಇಳಿಸಿದ್ದು ಪೂರ್ತಿ ಸತ್ಯವಲ್ಲವಂತೆ. ಗಾಳಿ ಹೆಚ್ಚಿಸಿದಾಗ ಕಾರ್ಬನ್ ಮಾನಾಕ್ಸೈಡ್ ಇಳಿಯುತ್ತದೆ. ಆದರೆ ಭಾರ ಹೊತ್ತು ಘಾಟಿ ಹತ್ತುವಾಗ ಅದೇ ಎಂಜಿನ್ನಿನೊಳಗೆ ಶಾಖ ಏರಿ ಗಾಳಿಯಲ್ಲಿನ ಸಾರಜನಕವೇ ಉರಿದು ನೈಟ್ರೋಜನ್ ಆಕ್ಸೈಡ್ ಆಗಬಹುದು. ವ್ಯಾನಿನ ಪೆಟ್ಟಿಗೆ ಅದನ್ನು ಅಳೆಯುವುದೇ ಇಲ್ಲ. ಪುಣೆಯ ಉರುಳೆಗಳ ಮೇಲಿನ ಪರೀಕ್ಷೆ ಅಳೆಯುತ್ತದೆ. ಇಂದಿನ ಪೆಟ್ರೋಲ್ ಕಾರಿಗೆ ಮಿತಿ ಕಿಲೋಮೀಟರಿಗೆ 0.06 ಗ್ರಾಂ. ಅದನ್ನು ಹಿಡಿಯುವ ಕ್ಯಾಟಲಿಟಿಕ್ ಕನ್ವರ್ಟರ್ ನಮ್ಮ 1996ರ ಎಂಜಿನ್ನಿಗಿಲ್ಲ. 1995ರಲ್ಲಿ ಅದು ಕಡ್ಡಾಯವಾದದ್ದು ನಾಲ್ಕು ಮಹಾನಗರಗಳಲ್ಲಿ ಮಾತ್ರ. “ಅಂದ್ರೆ, ಕಿಂಡಿ ತೆರೆದ್ರೂ ಮೊದಲು ಇದಕ್ಕೆ ಕನ್ವರ್ಟರ್ ಹಾಕ್ಬೇಕು ಚಿಕ್ಕಪ್ಪ” ಎಂದ. ತನ್ನ ಕಾರಿನ ವಿರುದ್ಧ ತಾನೇ ಸಾಕ್ಷಿ ಹೇಳಿದ ಹುಡುಗನ ಮುಂದೆ ಮತ್ತೊಮ್ಮೆ ನಾನೇ ಸಣ್ಣವನಾದೆ.

ಕಾರು ತಾಳವಾಡಿಗೆ ಹೋದದ್ದು ಲಾರಿಯ ಮೇಲೆ. ಬೆಟ್ಟದಿಂದ ಎಲೆಕೋಸು ತಂದು ಇಳಿಸಿ ಖಾಲಿ ಮರಳುವ ಲಾರಿಯೊಂದನ್ನು ಅಣ್ಣ ಗೊತ್ತುಮಾಡಿದ್ದ. ಹಗ್ಗ ಬಿಗಿದು, ಗಾಲಿಗಳಿಗೆ ಕಲ್ಲು ಕೊಟ್ಟು, ಟಾರ್ಪಾಲು ಹೊದಿಸಿದೆವು. ಬಣ್ಣಾರಿಯ ತಪಾಸಣೆ ಕಟ್ಟೆಯಲ್ಲಿ ಟಾರ್ಪಾಲು ಎತ್ತಿ ನೋಡಿದವರು ಇದರ ನಂಬರ್ ಎಲ್ಲಿ ಎಂದರು. “ಇದು ವಂಡಿಯಲ್ಲ ಸಾರ್, ಸರಕು” ಎಂದ ಚಾಲಕ. ಅದಂತೂ ನೂರಕ್ಕೆ ನೂರು ನಿಜ. ಇಪ್ಪತ್ತೇಳು ತಿರುವುಗಳನ್ನೂ ಹುಡುಗ ಲಾರಿಯ ಹಿಂಬದಿಯಲ್ಲಿ ತನ್ನ ಕಾರಿನ ಆಸನದಲ್ಲಿಯೇ ಕೂತು ಏರಿದ. ಬೇಡವೆಂದರೂ ಕೇಳಲಿಲ್ಲ. ಒಂದೊಂದು ತಿರುವಿಗೂ ಸ್ಟೀರಿಂಗ್ ತಿರುಗಿಸುತ್ತಿದ್ದುದನ್ನು ನಾನು ಕ್ಯಾಬಿನ್ನಿನ ಹಿಂದಿನ ಕಿಟಕಿಯಿಂದ ಕಂಡೆ.

ಮನೆಯ ಹಿತ್ತಲಿಗೆ ಹಲಗೆಗಳ ಮೇಲೆ ಇಳಿಸಿದೆವು. ಅಕ್ಕಪಕ್ಕದ ಮಕ್ಕಳು, ಅವನ ಹಳೆಯ ಶಾಲೆಯ ಮಕ್ಕಳು, ಎಲ್ಲರೂ ಬಂದು ಸುತ್ತ ನಿಂತರು. ಅತ್ತಿಗೆ ಅವ್ವನ ಕೈಹಿಡಿದು ಕರೆತಂದು ಕೂರಿಸಿದರು. ಅವ್ವ ಸೆರಗನ್ನು ಹೊದ್ದು, ದೇವರ ತೇರಿನಲ್ಲಿ ಕೂತವಳಂತೆ ನೆಟ್ಟಗೆ ಕೂತಳು. ಓಡಿಸುವುದಿಲ್ಲ, ಬರೀ ಎಂಜಿನ್ ಹಾಕುತ್ತೇನೆ ಎಂದು ಹುಡುಗ ನನಗೆ ಮೊದಲೇ ಹೇಳಿದ್ದ. ಕೀಲಿ ತಿರುಗಿಸಿದ. ಈ ಸಲ ಕೆಮ್ಮಲಿಲ್ಲ. ಮಕ್ಕಳು ಹೋ ಎಂದರು, ಕೊಟ್ಟಿಗೆಯ ಹಸು ಹಗ್ಗ ಜಗ್ಗಿತು. ಅವ್ವ ಅರೆಗಳಿಗೆ ಅವನ ಮುಖವನ್ನೇ ನೋಡುತ್ತಿದ್ದು, ಅನಂತರ ಸೆರಗನ್ನು ಮೂಗಿಗೆ ಹಿಡಿದು ಹೇಳಿದಳು:

“ಹೊಗ ಬತ್ತದ ಕನ ಮಗ, ನಿಲ್ಸು.”

ಅವನು ನಿಲ್ಲಿಸಿದ. ಆಮೇಲೆ ಇಬ್ಬರೂ ಹಾಗೆಯೇ, ನಿಂತ ಕಾರಿನಲ್ಲಿ, ಕತ್ತಲಾಗುವವರೆಗೆ ಕೂತು ಮಾತಾಡಿದರು.